ದೇವರ ಹಾಡು ಕೇಳಲು ಹೋದರೆ ಅಕೌಂಟೆಂಟ್‌ನ ಹಾಡು ಸಿಕ್ಕಿತು

ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರ ದೇವರುಗಳು ಅಂದರೆ ಹೊರಗಿನವರಿಗೆ ಗೊತ್ತಿರುವುದು ನಾಲ್ಕೈದು ಹೆಸರು. ಸಿಡಿಲಿನ ಶಾಂಗೊ, ಕಬ್ಬಿಣದ ಓಗುನ್, ನದಿತಾಯಿ ಒಶುನ್, ಕವಲುದಾರಿಯ ಎಶು. ಎರಿನ್ಲೆ ಅಂತ ಒಬ್ಬನಿದ್ದಾನೆ ಅಂತ ನನಗೆ ಗೊತ್ತಾಗಿದ್ದು ಪಂಪುಗಳ ದೆಸೆಯಿಂದ.

ನಾನು ನೈಜೀರಿಯಾಕ್ಕೆ ಬಂದಿದ್ದು ಪಂಪ್ ಕಂಪನಿಯೊಂದರ ಕೆಲಸಕ್ಕೆ. ಮನೆ ಇಬಾದಾನ್‌ನಲ್ಲಿ. ಒಶುನ್ ರಾಜ್ಯದ ಎಡೆ ಅನ್ನೋ ಊರಿನ ಹತ್ತಿರ ಎರಿನ್ಲೆ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ಸುತ್ತಲಿನ ಊರುಗಳಿಗೆ ಕುಡಿಯುವ ನೀರು ಅಲ್ಲಿಂದ ಹೋಗುತ್ತದೆ. ಆ ಕಡೆ ಹೋದಾಗ ಇದೇನು ಹೆಸರು ಅಂತ ಕೇಳಿದೆ. ಬಿಲ್‌ಗಳ ಲೆಕ್ಕದ ಕೆಲಸಕ್ಕೆ ಜೊತೆಗೆ ಬಂದಿದ್ದ ನಮ್ಮ ಅಕೌಂಟೆಂಟ್, "ಅದೊಂದು ಹಳೇ ಒರಿಶಾ, ಓಗಾ. ಬಿಡಿ" ಅಂದ. ಒರಿಶಾ ಅಂದರೆ ದೇವರು, ಓಗಾ ಅಂದರೆ ಯಜಮಾನರು. ಅವನು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಬಿಡಿ ಅಂದರೆ ಬಿಡೋಕಾಗುತ್ತಾ?

ಇಬಾದಾನ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಒಂದಷ್ಟು ಓದಿದೆ. ಎರಿನ್ಲೆ ಬೇಟೆಗಾರ. ಇಲೊಬು ಅನ್ನೋ ಊರಿನ ಮೊದಲ ದೊರೆಗೆ ನೆಲೆ ತೋರಿಸಿದವನು ಅವನೇ. ಫುಲಾನಿ ಜನರ ದಾಳಿಯಿಂದ ಊರನ್ನು ಕಾಪಾಡಿದ ಅಂತಲೂ ಹೇಳುತ್ತಾರೆ. ಒಂದು ದಿನ ನೆಲದೊಳಗೆ ಇಳಿದುಹೋಗಿ ನದಿಯಾಗಿ ಹರಿದ. ಹೆಸರಿನಲ್ಲೇ ಆನೆ ಇದೆ, 'ಎರಿನ್' ಅಂದರೆ ಆನೆ. ಬೇರೆ ಕಡೆ ನೋಡಿದರೆ ಅವನು ವೈದ್ಯ, ಸೊಪ್ಪುಬೇರು ಬಲ್ಲವನು, ಕಬ್ಬಿಣದ ಕೋಲಿನ ತುದಿಯಲ್ಲಿ ಹಕ್ಕಿ ಇಟ್ಟುಕೊಂಡವನು. ನದಿಯ ಮಡುಗಳಿಗೆ 'ಇಬು' ಅನ್ನುತ್ತಾರೆ. ಒಂದೊಂದು ಮಡುವಿಗೂ ಒಂದೊಂದು ಹೆಸರು, ಎಲ್ಲ ಕಡೆಯೂ ಅವನೇ. ಗುಲಾಮರಾಗಿ ಸಾಗಿಹೋದವರ ಜೊತೆ ಅವನೂ ಸಮುದ್ರ ದಾಟಿದ. ಕ್ಯೂಬಾದಲ್ಲಿ ಅವನು 'ಇನ್ಲೆ', ಕ್ಯಾಥೊಲಿಕ್ ಸಂತ ರಫೇಲನ ವೇಷದಲ್ಲಿದ್ದಾನೆ. ಬ್ರೆಜಿಲ್‌ನಲ್ಲಿ ಒಂದು ಮಡುವಿನ ಹೆಸರೇ 'ಇಬುವಾಲಾಮಾ' ಆಗಿ ಪೂಜೆ ತಗೊಳ್ಳುತ್ತಿದೆ. ಇತ್ತ ಹುಟ್ಟೂರಿನ ಪಕ್ಕದಲ್ಲಿ ನಮ್ಮ ಅಕೌಂಟೆಂಟ್ 'ಬಿಡಿ' ಅನ್ನುತ್ತಾನೆ.

ಇಷ್ಟೆಲ್ಲ ಓದಿದರೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಅವನ ಒರಿಕಿ ಸಿಕ್ಕರೆ ಗಂಟು ಬಿಚ್ಚುತ್ತದೆ ಅಂದುಕೊಂಡೆ. ಒರಿಕಿ ಅಂದರೆ ಹೊಗಳಿಕೆಯ ಹಾಡು. ದೇವರಿಗೆ ಮಾತ್ರ ಅಲ್ಲ, ಮನುಷ್ಯರಿಗೆ, ಮನೆತನಕ್ಕೆ, ಊರಿಗೆ, ಪ್ರಾಣಿಗೆ, ಗೆಣಸಿಗೂ ಉಂಟು. ಕ್ಯಾರಿನ್ ಬಾರ್ಬರ್ ಅನ್ನೋ ವಿದ್ವಾಂಸೆ ಇದೇ ಒಶುನ್ ರಾಜ್ಯದ ಒಕುಕು ಊರಿನಲ್ಲಿ ವರ್ಷಗಟ್ಟಲೆ ಇದ್ದು, ಹೆಂಗಸರು ಹೇಳುವ ಒರಿಕಿಗಳ ಬಗ್ಗೆ 1991ರಲ್ಲಿ ಪುಸ್ತಕ ತಂದರು. ಒರಿಕಿ ಕಥೆ ಹೇಳೋದಿಲ್ಲ, ಒಂದು ಸಾಲಿಗೂ ಮುಂದಿನ ಸಾಲಿಗೂ ನೆಂಟಸ್ತಿಕೆ ಇರಲೇಬೇಕು ಅಂತಿಲ್ಲ ಅಂತ ಅವರು ಬರೆದಿದ್ದಾರೆ. ಓದಿದ್ದೆ, ತಲೆಗೆ ಇಳಿದಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಸಹಸ್ರನಾಮ. ಮೊದಲಿಂದ ಕೊನೆಯವರೆಗೆ ಒಂದೇ ದೇವರ ಹೆಸರುಗಳು.

ರಜೆ ನೋಡಿಕೊಂಡು ಇಲೊಬುಗೆ ಹೊರಟೆವು. ಅಕೌಂಟೆಂಟ್ ಬರಲು ಒಪ್ಪಿದ್ದೇ ದೊಡ್ಡದು. "ನಾನು ದುಭಾಷಿ ಅಷ್ಟೇ, ಪೂಜೆಗೀಜೆಗೆ ಸೇರಲ್ಲ" ಅಂತ ಇವೊ ಊರು ದಾಟುವವರೆಗೂ ಹೇಳುತ್ತಲೇ ಇದ್ದ. ನೋಡಲು ಬಂದವರೆಲ್ಲ ಒಶೊಗ್ಬೊದಲ್ಲೇ ಇಳಿಯುತ್ತಾರೆ. ಅಲ್ಲಿ ಒಶುನ್ ದೇವಿಯ ಕಾಡಿದೆ, 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಅಲ್ಲಿಂದ ಒಗ್ಬೊಮೊಶೊ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ಇಲೊಬು. ಕೆಂಪು ಧೂಳು, ತುಕ್ಕು ಹಿಡಿದ ತಗಡಿನ ಚಾವಣಿ, ಮಸೀದಿ, ಚರ್ಚು, ಮೊಬೈಲ್ ರೀಚಾರ್ಜ್ ಅಂಗಡಿ. ಇದು ದೇವರ ಊರು ಅಂತ ಯಾವ ಬೋರ್ಡೂ ನನಗೆ ಕಾಣಲಿಲ್ಲ.

ಎರಿನ್ಲೆಯ ಒರಿಕಿ ಬಲ್ಲ ಅಜ್ಜಿಯೊಬ್ಬರಿದ್ದಾರೆ ಅಂತ ಪರಿಚಯದವರೊಬ್ಬರು ಹೇಳಿದ್ದ ಮನೆಗೆ ಹೋದೆವು. ಅಜ್ಜಿ ಹಜಾರದಲ್ಲಿ ಚಿಕ್ಕ ಮಣೆ ಹಾಕಿಕೊಂಡು ಬೆಂಡೆಕಾಯಿ ಹೆಚ್ಚುತ್ತಿದ್ದರು. ಯೊರುಬಾ ಗಂಡಸರು ಹಿರಿಯರಿಗೆ ಅಡ್ಡಬೀಳಬೇಕು. ಈಗಿನವರು ಬಗ್ಗಿ ಬೆರಳು ನೆಲಕ್ಕೆ ತಾಗಿಸಿ ಮುಗಿಸುತ್ತಾರೆ. ಅಕೌಂಟೆಂಟ್ ಅಷ್ಟು ಮಾಡಿದ. ನಾನು ಅಭ್ಯಾಸಬಲದಿಂದ ಕಾಲು ಮುಟ್ಟಿದೆ. ಅಜ್ಜಿಗೆ ಖುಷಿಯೋ ಖುಷಿ. "ಈ ಒಯಿಂಬೊಗೆ ಮನೆಯಲ್ಲಿ ಕಲಿಸಿದ್ದಾರೆ" ಅಂದರಂತೆ. ಇಲ್ಲಿ ಬಿಳಿಯರಿಗೂ ನಮಗೂ ಸೇರಿಸಿ ಒಂದೇ ಹೆಸರು, ಒಯಿಂಬೊ.

ಒಳಕೋಣೆಯ ಮೂಲೆಯಲ್ಲಿ ಎರಿನ್ಲೆ ಇದ್ದ. ಅಂದರೆ ಒಂದು ಮಣ್ಣಿನ ಗಡಿಗೆ. ಮುಚ್ಚಳದ ಮೇಲೆ ಮಣ್ಣಿನ ಪಟ್ಟಿಗಳು ಬಾಗಿ ಮೇಲೆ ಹೋಗಿ ಒಂದಾಗಿ ಕಿರೀಟದ ಹಾಗೆ ಕಾಣುತ್ತವೆ. ಒಳಗೆ ನದಿಯ ನುಣುಪು ಕಲ್ಲುಗಳು, ನದಿಯದೇ ನೀರು ಇರುತ್ತವೆ ಅಂತ ಓದಿದ್ದೆ. ತೆಗೆದು ನೋಡಬಹುದಾ ಅಂತ ಕೇಳಿಸಿದೆ. ಅಜ್ಜಿ ಕೇಳಿಸಲೇ ಇಲ್ಲ ಅನ್ನುವಂತೆ ಕೋಲಾ ಕಾಯಿ ಕೈಗೆತ್ತಿಕೊಂಡರು. ಕಾಯಿ ನಾಲ್ಕು ಹೋಳಾಗುತ್ತದೆ. ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ, ಏನೋ ಪಿಸುಗುಟ್ಟಿ, ಹೋಳುಗಳನ್ನು ಬಿಟ್ಟರು. ಮೂರು ಬೋರಲು, ಒಂದು ಅಂಗಾತ. ಮುಖ ಗಂಟಿಕ್ಕಿತು. ಮತ್ತೆ ನೀರು, ಮತ್ತೆ ಮಾತು. ಈ ಸಲ ಎರಡು ಅಂಗಾತ, ಎರಡು ಬೋರಲು. ಅದು ಒರಿಕಿ ಹೇಳಲು ದೇವರ ಒಪ್ಪಿಗೆ. ಒಂದು ಹೋಳು ನನ್ನ ಬಾಯಿಗೂ ಬಂತು. ಕಹಿ ಅಂದರೆ ಕಹಿ. ಅಕೌಂಟೆಂಟ್ ತನ್ನ ಹೋಳನ್ನು ಜೇಬಿಗೆ ಹಾಕಿಕೊಂಡ.

ಫೋನ್ ರೆಕಾರ್ಡಿಂಗ್‌ಗೆ ಇಟ್ಟೆ. ಅಜ್ಜಿ ಶುರು ಮಾಡಿದರು. ಹಾಡು ಅಂತಲೂ ಅಲ್ಲ, ಮಾತು ಅಂತಲೂ ಅಲ್ಲ. ಯೊರುಬಾದಲ್ಲಿ ಮೂರು ಸ್ವರ ಮಟ್ಟಗಳಿವೆ, ಏರು, ನಡು, ಇಳಿ. ಮಾತೇ ಅರ್ಧ ಹಾಡು. ಅಜ್ಜಿ ಅದನ್ನು ಎಳೆದು ಎಳೆದು ಒಂದೇ ಉಸಿರಿಗೆ ಉದ್ದ ಸಾಲು ಬಿಡುತ್ತಿದ್ದರು. ಅಕೌಂಟೆಂಟ್ ಕಿವಿಯಲ್ಲಿ ಹೇಳುತ್ತಾ ಹೋದ. ಆನೆ, ಮಡುವಿನ ನೀರು, ಬಿಲ್ಲು, ಮಕ್ಕಳನ್ನು ಕೊಡುವವನು. ಇಷ್ಟರವರೆಗೆ ಸರಿ. ಆಮೇಲೆ ಇದ್ದಕ್ಕಿದ್ದಂತೆ ಊರಿನ ದೊರೆ ಬಂದ. ನಂತರ ಯಾರದೋ ಸಾಲದ ವಿಷಯ. ಮತ್ತೆ ನದಿ. ಆಮೇಲೆ ತೀರಿಹೋದ ತನ್ನ ಗಂಡ. ಕೆಲವು ಸಾಲಿಗೆ ಅಕೌಂಟೆಂಟ್ ಸುಮ್ಮನಾಗುತ್ತಿದ್ದ. "ಇದು ಆಳದ ಯೊರುಬಾ, ನನಗೂ ಗೊತ್ತಾಗ್ತಿಲ್ಲ." ಅದರಲ್ಲಿ ಒಂದನ್ನು ಅಜ್ಜಿಯನ್ನೇ ಕೇಳಿಸಿದೆ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೇನು, ಅತ್ತೆ ಹೇಳಿದ್ದು ಹಾಗೇ, ಅಂತ ಮುಂದೆ ಹೋದರು.

ಆಮೇಲೆ ತಿರುಗಿ ಅಕೌಂಟೆಂಟ್‌ನ ಮೂಲ ಕೇಳಿದರು. ಅವನು ಸ್ವಲ್ಪ ಸಂಕೋಚದಿಂದಲೇ ಇಕೊಯಿ ಅಂದ. ಆಮೇಲೆ ಅವನ ಒರಿಕಿ ಹೆಸರು. ಅಜಾನಿ, ಅಕಾನಿ, ಅಬೇನಿ, ಅಶಾಕೆ, ಹೀಗೆ ಪ್ರತಿ ಮಗುವಿಗೂ ಮುದ್ದಿನ ಹೆಸರೊಂದು ಇಡುತ್ತಾರೆ. ಕರೆಯುವುದು ಹೆಚ್ಚಾಗಿ ತಾಯಿ, ಅಜ್ಜಿಯಂಥ ಹಿರಿಯರು. ಇವನು ತನ್ನದನ್ನು ಎಷ್ಟು ಮೆತ್ತಗೆ ಹೇಳಿದ ಅಂದರೆ ನನಗೆ ಕೇಳಿಸಲೇ ಇಲ್ಲ.

ಇಕೊಯಿಯವರು ಹಳೇ ಒಯೊ ಸಾಮ್ರಾಜ್ಯದ ಹೆಸರಾಂತ ದಂಡಾಳುಗಳು. ಗಾಯವಾದರೆ ಎದೆಗೆ ಆಗಬೇಕು, ಬೆನ್ನಿಗಲ್ಲ ಅನ್ನುವ ಜನ. ಅಜ್ಜಿ ಎದ್ದುನಿಂತು ಅವನ ಮುಖಕ್ಕೇ ಅದನ್ನೆಲ್ಲ ಹೇಳತೊಡಗಿದರು. ಬಾಣ, ರಣಹದ್ದು, ಯುದ್ಧವನ್ನೇ ಉಂಡು ಬೆಳೆದವರು. ದುಭಾಷಿ ನಿಂತುಹೋದ. ನಾನು ಏನು ಹೇಳ್ತಿದ್ದಾರೆ ಅಂತ ಮೊಣಕೈಯಲ್ಲಿ ತಿವಿದರೂ ಉತ್ತರ ಇಲ್ಲ. ಇಡೀ ದಿನ ಇನ್ವಾಯ್ಸ್ ನೋಡುವ ಮನುಷ್ಯ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಕಣ್ಣಲ್ಲಿ ನೀರು. ಒರಿಕಿ ಕೇಳಿದರೆ 'ತಲೆ ಉಬ್ಬುತ್ತದೆ' ಅನ್ನುತ್ತಾರೆ ಇವರು. ನಮ್ಮಲ್ಲಿ ಅದು ಬೈಗುಳ. ಇಲ್ಲಿ ತಲೆ ಅಂದರೆ ಹಣೆಬರಹದ ಜಾಗ, ಅದು ಉಬ್ಬಬೇಕು. ಅವನು ಪರ್ಸ್ ತೆಗೆದು ನೋಟೊಂದನ್ನು ಅಜ್ಜಿಯ ಹಣೆಗೆ ಅಂಟಿಸಿದ. ಆಮೇಲೆ ಇನ್ನೊಂದು. ನೋಟನ್ನು ಹೀಗೆ ಎರಚುವುದು 2007ರ ಕಾನೂನಿನ ಪ್ರಕಾರ ಅಪರಾಧ. ಅದನ್ನು ಮೊದಲೊಮ್ಮೆ ನನಗೆ ತಿಳಿಸಿಕೊಟ್ಟವನು ಇವನೇ.

ನನ್ನ ಸರದಿಯೂ ಬಂತು. ಒಯಿಂಬೊಗೆ ಯಾವ ಒರಿಕಿ ಇದ್ದೀತು? ನನ್ನ ಕೆಲಸ ಏನು ಅಂತ ಕೇಳಿ ತಿಳಿದರು. ಎರಿನ್ಲೆಯ ನೀರನ್ನು ಗುಡ್ಡ ಹತ್ತಿಸುವವನು ಅಂತ ಒಂದು ಸಾಲು ಸೇರಿಸಿ, ಅಲ್ಲಿಂದ ಮತ್ತೆ ದೇವರಿಗೆ ಹೋದರು. ಎಷ್ಟು ಸಲೀಸು ಅಂತೀರಿ. ನಾನು ಬಂದಿದ್ದು ಎರಿನ್ಲೆ ಯಾರು ಅಂತ ತಿಳಿಯಲು. ಅಜ್ಜಿಗೆ ಅದು ಪ್ರಶ್ನೆಯೇ ಅಲ್ಲ. ಕರೆದರೆ ಬರುತ್ತಾನೆ, ಬಂದವನ ಎದುರು ಯಾರ್ಯಾರಿದ್ದಾರೋ ಅವರನ್ನೂ ಕರೆಯಬೇಕು, ಅಷ್ಟೇ. ಗಡಿಗೆಯ ಮುಚ್ಚಳ ಕೊನೆಗೂ ತೆಗೆಯಲಿಲ್ಲ.

ವಾಪಸ್ ಬರುವಾಗ ಅವನು ಜಾಸ್ತಿ ಮಾತಾಡಲಿಲ್ಲ. ಆ ರೆಕಾರ್ಡಿಂಗ್ ಕಳಿಸಿ ಅಂತ ಒಂದೇ ಸಲ ಕೇಳಿದ, ಕಳಿಸಿದೆ. ಅವನು ಅದನ್ನು ಒಗ್ಬೊಮೊಶೊದಲ್ಲಿರುವ ತಾಯಿಗೆ ಕಳಿಸಿದ. ಆಯಮ್ಮ ಬ್ಯಾಪ್ಟಿಸ್ಟ್ ಚರ್ಚಿನ ಕಾಯರ್‌ನಲ್ಲಿ ಹಾಡುವವರು. ಮದುವೆಯಾಗಿ ಬಂದ ಮೇಲೆ ಗಂಡನ ಮನೆತನದ ಒರಿಕಿ ಕಲಿತವರು. ಇಲೊಬುವಿನ ಹೆಂಗಸು ಅರ್ಧ ನುಂಗಿಬಿಟ್ಟಿದ್ದಾಳೆ ಅಂತ ಅವರಿಗೆ ಸಿಟ್ಟು ಬಂತಂತೆ. ಸರಿಯಾದದ್ದು ಇದು ಅಂತ ತಾವೇ ಹೇಳಿ, ವಾಟ್ಸಾಪ್‌ನಲ್ಲಿ ತುಂಡು ತುಂಡಾಗಿ ಮಗನಿಗೆ ಕಳಿಸಿದರು. ಈಗ ನನ್ನ ಹತ್ತಿರ ಅದೂ ಇದೆ. ಎರಿನ್ಲೆಯ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.