ಸೀರೆ ಸೇಲು ಮತ್ತು ನಮ್ಮ ನಾಟಕ

ಮಂಗಳವಾರ ಪ್ರಾಕ್ಟೀಸಿಗೆಂದು ಹೋದರೆ ನಮ್ಮ ಹಳೇ ರಂಗಮಂದಿರದ ಸ್ಟೇಜಿನ ಮೇಲೆ ಸೀರೆ ತೂಗುತ್ತಿದ್ದವು. ಆಷಾಢ ಸೇಲು! ಪರದೆ ಎಳೆಯುವ ಹಗ್ಗಕ್ಕೂ ನಾಲ್ಕು ಸೀರೆ.

ನನಗೆ ಸಿಟ್ಟು ಬಂತು. 'ಇದೆಂತದು ಮಾಮ, ನಾಟಕದ ಜಾಗದಲ್ಲಿ ಸಂತೆ?' ಅಂದೆ.

ಮಾಮ ಅಂದರೆ ಬೀಗದ ಕೈ ಇಟ್ಟುಕೊಂಡವರು. ಪರದೆ ಎಳೆದೇ ಕೂದಲು ಹಣ್ಣಾದವರು. ತಲೆ ಎತ್ತದೆ ಹೇಳಿದರು: 'ಸೀರೆಯವರ ಬಾಡಿಗೇಲೇ ಹೋದ ವರ್ಷ ಹಂಚು ಹೊದಿಸಿದ್ದು. ನಾಟಕದವ್ರು ಚಾ ಕುಡಿದ ಗ್ಲಾಸೂ ತೊಳೆದಿಟ್ಟು ಹೋಗೂದಿಲ್ಲ.'

ಆ ಗ್ಲಾಸಿನ ಮಾತು ನಾಲ್ಕು ದಿನವಾದರೂ ತಲೆಯಿಂದ ಹೋಗಿಲ್ಲ. ಯಾಕಂದ್ರೆ ನಿಜ. ನಮ್ಮ ತಂಡದಲ್ಲಿ ಭಾಷಣ ಮಾಡುವವರು ಜಾಸ್ತಿ, ನಾನೂ ಸೇರಿ. 1883ರಲ್ಲಿ ರವೀಂದ್ರನಾಥ ಟಾಗೋರರು 22ರ ಹುಡುಗ, ಇಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು, ಇದೇ ಕಾರವಾರದಲ್ಲಿ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು ಅಂತ ಪ್ರತಿ ಸಲ ಮೈಕಿನಲ್ಲಿ ಹೇಳುತ್ತೇವೆ. ಕಡಲತೀರಕ್ಕೂ ಅವರದೇ ಹೆಸರು. ಆದರೆ ಮಳೆಗಾಲದಲ್ಲಿ ಹಂಚು ಸರಿದು ಸ್ಟೇಜಿನ ಮೇಲೆ ನೀರು ಬಿದ್ದಾಗ ಬಕೆಟ್ ಇಟ್ಟವರು ಮಾಮ ಒಬ್ಬರೇ.

ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಊರಲ್ಲಿ ಹಳೇದು ಕಂಡರೆ 'ಕೆಡವಿ' ಅನ್ನುವವರು ಹೆಚ್ಚಾಗಿದ್ದಾರೆ. ಸೇತುವೆ ಬೇರೆ, ಈ ರಂಗಮಂದಿರ ಬೇರೆ ಅಂದರೆ ಕೇಳುವವರಿಲ್ಲ. ಇಲ್ಲಿ ನಡೆಯುವುದು ಮದುವೆ, ಶಾಲೆಯ ಗ್ಯಾದರಿಂಗು, ಯಕ್ಷಗಾನ, ಕಣ್ಣಿನ ಕ್ಯಾಂಪು, ಈಗ ಸೀರೆ. ದಿನಾ ಬಾಗಿಲು ತೆಗೆಯುವ ಕಟ್ಟಡ ಬೇಗ ಹಾಳಾಗುವುದಿಲ್ಲ. ಬೀಗ ಬಿದ್ದರೆ ಒಂದೇ ಮಳೆಗಾಲಕ್ಕೆ ಹಂಚಿನ ಕೆಳಗಿನ ಪಕಾಸಿಗೆ ಗೆದ್ದಲು. ನಮ್ಮ ನಾಟಕ ವರ್ಷಕ್ಕೆ ಎಷ್ಟು? ಎರಡು. ಹೆಚ್ಚಂದ್ರೆ ಮೂರು.

ಅವತ್ತು ಸೀರೆ ಬದಿಗೆ ಸರಿಸಿ ಅರ್ಧ ಸ್ಟೇಜಿನಲ್ಲೇ ಪ್ರಾಕ್ಟೀಸ್ ಮಾಡಿದೆವು. ಸೀರೆಯ ಹುಡುಗ ಗಂಟಿನ ಮೇಲೆ ಕೂತು ಬಾಯಿ ತೆರೆದು ನೋಡಿದ. ಎರಡನೇ ಅಂಕದ ನಡುವೆ ಕರೆಂಟು ಹೋಯಿತು, ನಿಲ್ಲಿಸಿದೆವು.

'ಆಮೇಲೆ ಏನಾಗ್ತದೆ?' ಅಂದ.

'ಭಾನುವಾರ ಬಾ, ಪೂರ್ತಿ ನೋಡು.'

'ಭಾನುವಾರ ನಮ್ಮ ಸೇಲು ಕುಮಟೆಯಲ್ಲಿ.'

ನಾನು ಗ್ಲಾಸು ತೊಳೆದು ಬರುವಷ್ಟರಲ್ಲಿ ಮಾಮ ಬ್ಯಾಟರಿ ಹಿಡಿದು ಅವನ ಪಕ್ಕ ಕೂತಿದ್ದರು. ಮೂರನೇ ಅಂಕ ಹೇಳುತ್ತಿದ್ದರು, ರಾಣಿಯ ಮಾತನ್ನು ರಾಣಿಯ ದನಿಯಲ್ಲೇ.