ಕೈತೋಟದಲ್ಲಿ ನೆಟ್ಟ ಒಂದು ಕೋಲು

ಗಿಡಗಳಿಗೆ ಆಸರೆ ಕೊಡಲು ತಂದಿಟ್ಟಿದ್ದ ಕೋಲುಗಳಲ್ಲಿ ಒಂದು ಉಳಿದುಹೋಗಿತ್ತು. ಸುಮಾರು 3 ಅಡಿ ಉದ್ದ. ರಜೆಯ ದಿನ ಬೆಳಗ್ಗೆ ಮಕ್ಕಳನ್ನು ಕೈತೋಟಕ್ಕೆ ಕರೆದುಕೊಂಡು ಹೋಗಿ, ಬಿಸಿಲು ಚೆನ್ನಾಗಿ ಬೀಳುವ ಕಡೆ ಅದನ್ನು ನೆಟ್ಟೆ. ಮೇಲಿನ ತುದಿಗೆ ತೂತು ಬಿದ್ದ ಪುಟ್ಟ ರಬ್ಬರ್ ಚೆಂಡು ಸಿಕ್ಕಿಸಿದೆ. ಬಗ್ಗಿದಾಗ ಕೋಲಿನ ತುದಿ ಯಾರ ಕಣ್ಣಿಗೂ ಚುಚ್ಚಬಾರದಲ್ಲ, ಅದಕ್ಕೆ. ಚೆಂಡಿನಿಂದ ಇನ್ನೊಂದು ಉಪಯೋಗವೂ ಆಯಿತು. ನೆರಳಿನ ತುದಿಯಲ್ಲಿ ಒಂದು ದುಂಡನೆಯ ಗುರುತು ಬಿತ್ತು. ಆ ಗುರುತಿನ ಮೇಲೆ ಒಂದು ಕಲ್ಲಿಟ್ಟು, ಸೀಮೆಸುಣ್ಣದಲ್ಲಿ 9 ಎಂದು ಬರೆದೆವು. ಆಗ ಸರಿಯಾಗಿ 9 ಗಂಟೆ.

ಮಗಳಿಗೆ 8 ವರ್ಷ, ಮಗನಿಗೆ 4. ಇಬ್ಬರಿಗೂ ಒಪ್ಪುವ ಒಂದೇ ಆಟ ಹುಡುಕುವುದು ಸುಲಭವಲ್ಲ. ಆದರೆ ಈ ಕಲ್ಲು ಇಟ್ಟು ಐದು ನಿಮಿಷ ಆಗಿರಲಿಲ್ಲ, ಮಗ ಕೂಗಿದ, "ಅಮ್ಮಾ, ನೆರಳು ಕಲ್ಲು ಬಿಟ್ಟು ಹೋಗ್ತಾ ಇದೆ!" ನಿಜ. ಕುಕ್ಕರಗಾಲಿನಲ್ಲಿ ಕೂತು ನೋಡಿದರೆ ಚೆಂಡಿನ ನೆರಳು ಕಲ್ಲಿನಿಂದ ಸರಿದಿತ್ತು. ಸೂರ್ಯ ಓಡುತ್ತಿದ್ದಾನೆ ಎಂದು ಅವನ ವಾದ. ಓಡುತ್ತಿರುವುದು ಭೂಮಿ ಎಂದು ಅಕ್ಕನ ವಾದ. ಅವಳು ಶಾಲೆಯಲ್ಲಿ ಕಲಿತಿದ್ದಳು. ಭೂಮಿ 24 ಗಂಟೆಗೆ 360 ಡಿಗ್ರಿ ಸುತ್ತಿದರೆ ಒಂದು ಗಂಟೆಗೆ ಎಷ್ಟು ಎಂದು ಕೇಳಿದೆ. ಮಣ್ಣಿನ ಮೇಲೆ ಬೆರಳಲ್ಲಿ ಭಾಗಾಕಾರ ಮಾಡಿ 15 ಎಂದಳು. ಪುಸ್ತಕದಲ್ಲಿ ಮಾಡು ಎಂದರೆ ಒಲ್ಲೆ ಎಂದು ಹಟ ಹಿಡಿಯುವ ಹುಡುಗಿ, ಇಲ್ಲಿ ಕೇಳಿದ ತಕ್ಷಣ ಮಾಡಿದಳು. ನನಗೆ ತುಂಬಾ ಖುಷಿಯಾಯಿತು.

ಗಂಟೆಗೊಂದು ಕಲ್ಲು ಇಡಬೇಕು. ನಡುವಿನ ಹೊತ್ತು ಪೂರ್ತಿ ಅವರದ್ದೇ.

ಮೊದಲು ಇರುವೆ ಸಾಲು ಸಿಕ್ಕಿತು. ಗೋಡೆಯ ಬುಡದಿಂದ ಹೂವಿನ ಕುಂಡದವರೆಗೆ ನೇರ ಸಾಲು. ಮಗಳು ಸಾಲಿಗೆ ಅಡ್ಡವಾಗಿ ಬೆರಳಲ್ಲಿ ನೆಲ ಉಜ್ಜಿದಳು. ಬರುತ್ತಿದ್ದ ಇರುವೆಗಳು ಅಲ್ಲೇ ನಿಂತವು. ಮೀಸೆ ಆಡಿಸಿದವು, ಹಿಂದೆ ಹೋದವು, ಪಕ್ಕಕ್ಕೆ ಹೋದವು. ದಾರಿಯುದ್ದಕ್ಕೂ ಅವು ಬಿಟ್ಟ ವಾಸನೆ ಅಷ್ಟು ಜಾಗದಲ್ಲಿ ಅಳಿಸಿಹೋಗಿತ್ತು. ಸ್ವಲ್ಪ ಹೊತ್ತಿಗೆ ಒಂದು ಇರುವೆ ದಾಟಿತು, ಆಮೇಲೆ ಇನ್ನೊಂದು. ನೋಡನೋಡುತ್ತಾ ಸಾಲು ಮತ್ತೆ ಕೂಡಿಕೊಂಡಿತು. "ಇನ್ನೊಂದ್ಸಲ ಉಜ್ಜಬೇಡ ಅಕ್ಕಾ, ಪಾಪ" ಎಂದ ಮಗ. ಅವಳು ಉಜ್ಜಲಿಲ್ಲ.

ಹನ್ನೊಂದರ ನಂತರ ಒಂದು ಚಿಕ್ಕ ಬಕೆಟ್ ನೀರು, ಎರಡು ಹಳೇ ಪೇಂಟ್ ಬ್ರಷ್ ಕೊಟ್ಟೆ. ಬಣ್ಣ ಬೇಡ, ಬರೀ ನೀರು. ಗೋಡೆಯ ಮೇಲೆ ಏನು ಬೇಕಾದರೂ ಬರೆಯಬಹುದು, ಯಾರೂ ಬೈಯುವುದಿಲ್ಲ. ಬಿಸಿಲು ಬಿದ್ದ ಕಡೆ ಮಗ ಬರೆದ ಆನೆ ಸೊಂಡಿಲಿನಿಂದ ಹಿಡಿದು ಮಾಯವಾಗತೊಡಗಿತು. ನೆರಳಿದ್ದ ಕಡೆ ಮಗಳು ಬರೆದ ಮನೆ ಹಾಗೇ ಇತ್ತು. ಯಾಕೆ ಎಂದು ನಾನು ಹೇಳಲಿಲ್ಲ. ಅವನು ತನ್ನ ಬ್ರಷ್ ಎತ್ತಿಕೊಂಡು ಸುಮ್ನೆ ನೆರಳಿನ ಕಡೆ ಬಂದು ನಿಂತ.

ಬಕೆಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪುಟ್ಟ ಮಕ್ಕಳಿಗೆ ಸ್ವಲ್ಪ ನೀರೂ ಅಪಾಯ. ಆಟ ಮುಗಿಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಮುಗಿದ ಕೂಡಲೇ ಉಳಿದ ನೀರನ್ನು ಗಿಡಕ್ಕೆ ಸುರಿದು ಬಕೆಟ್ ಬೋರಲು ಹಾಕಿದೆ.

ಬಿಸಿಲು ಏರಿದ ಮೇಲೆ ಒಳಗೆ ಬಂದೆವು. ಕಲ್ಲು ಇಡಲು ಮಾತ್ರ ಟೋಪಿ ಹಾಕಿಕೊಂಡು ಓಡುವುದು, ಬರುವುದು. 12ರ ಕಲ್ಲು ಕೋಲಿಗೆ ಎಲ್ಲಕ್ಕಿಂತ ಹತ್ತಿರ ಬಿತ್ತು. ಎಲ್ಲ ಕಡೆಯೂ ಹೀಗೇ ಆಗುತ್ತದೆ ಅಂತಲ್ಲ. ಗಡಿಯಾರದ 12ಕ್ಕೂ ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತಿಗೂ ಸ್ವಲ್ಪ ಹಿಂದೆಮುಂದೆ ಇರುತ್ತದೆ. ಕೆಲವು ಊರುಗಳಲ್ಲಿ 1ರ ಕಲ್ಲು ಹತ್ತಿರ ಬೀಳಬಹುದು.

1ರ ಕಲ್ಲು ಇಟ್ಟು ಹದಿನೈದು ನಿಮಿಷ ಆಗಿತ್ತೇನೋ. ಮಗಳ ಚೀರಾಟ ಕೇಳಿ ಹೊರಗೆ ಓಡಿದೆ. ಕೋಲು ಇರಲಿಲ್ಲ! ಮಗ ಅದನ್ನು ಕಿತ್ತು, ಚೆಂಡಿನ ಕಡೆ ಹಿಡಿದುಕೊಂಡು, ಬಾಳೆ ಗಿಡದ ಬುಡದ ಒದ್ದೆ ಮಣ್ಣು ಅಗೆಯುತ್ತಿದ್ದ. ಎರೆಹುಳು ಬೇಕಿತ್ತಂತೆ. ಸಿಕ್ಕಿಯೂ ಇತ್ತು. ಅಂಗೈ ಮೇಲೆ ಇಟ್ಟುಕೊಂಡು ಅಕ್ಕನಿಗೆ ತೋರಿಸಲು ಹೋದರೆ ಅವಳು ಅಳುತ್ತಿದ್ದಳು. "ಬೆಳಗ್ಗೆಯಿಂದ ಕಾದಿದ್ದೆಲ್ಲಾ ಹಾಳು ಮಾಡ್ದ" ಎಂದಳು. ಅವಳು ಹೇಳಿದ್ದು ಸರಿಯೇ. ನಾಲ್ಕು ಗಂಟೆಯ ಕೆಲಸ ಅದು. ಹೋಗಲಿ ಬಿಡು ಎನ್ನಲು ನನಗೆ ಮನಸ್ಸು ಬರಲಿಲ್ಲ. ಅವನಿಗೂ ಬೈಯಲಿಲ್ಲ. ಆ ಕೋಲು ಅಷ್ಟು ಮುಖ್ಯ ಅಂತ ನಾನು ಅವನಿಗೆ ಹೇಳಿಯೇ ಇರಲಿಲ್ಲ.

ಮೊದಲು ಹುಳುವನ್ನು ನೋಡಿಕೊಂಡೆವು. ಎರೆಹುಳು ಉಸಿರಾಡುವುದು ಚರ್ಮದಿಂದ. ಚರ್ಮ ಒಣಗಿದರೆ ಬದುಕುವುದಿಲ್ಲ. ಮಗನ ಕೈ ಒದ್ದೆ ಮಾಡಿಸಿ, ನೆರಳಿನಲ್ಲಿ ಹಸಿ ಮಣ್ಣಿನ ಮೇಲೆ ಬಿಡಿಸಿದೆ. ಅದಕ್ಕೆ ಕಣ್ಣಿಲ್ಲ, ಆದರೂ ಬೆಳಕು ಗೊತ್ತಾಗುತ್ತದೆ. ತಲೆ ಮಣ್ಣಿಗೆ ತೂರಿಸಿ, ಮೈ ಕುಗ್ಗಿಸಿ ಹಿಗ್ಗಿಸಿ ಒಳಗೆ ಹೋಗುವುದನ್ನು ಇಬ್ಬರೂ ಪಕ್ಕಪಕ್ಕ ಕೂತು ನೋಡಿದರು. ಅಳು ಅಷ್ಟರಲ್ಲಿ ಬಿಕ್ಕಳಿಕೆಗೆ ಇಳಿದಿತ್ತು.

ಕೋಲು ನೆಟ್ಟಿದ್ದ ಗುಂಡಿ ಹಾಗೇ ಇತ್ತು. ಅದೇ ಗುಂಡಿಗೆ ಕೋಲು ಇಳಿಸಿ, ಸುತ್ತ ಮಣ್ಣು ತುಳಿದೆವು. ಸರಿಯಾಗಿ ನಿಂತಿದೆಯೋ ಇಲ್ಲವೋ ಎಂದು ಮಗಳಿಗೆ ಅನುಮಾನ. "ನಾಳೆ ಬೆಳಗ್ಗೆ 9 ಗಂಟೆಗೆ ನೆರಳು 9ರ ಕಲ್ಲಿನ ಮೇಲೆ ಬೀಳುತ್ತಾ ನೋಡೋಣ, ಗೊತ್ತಾಗುತ್ತೆ" ಎಂದೆ. ಅವಳು ಒಪ್ಪಿ 2ರ ಕಲ್ಲು ಕೈಗೆ ತೆಗೆದುಕೊಂಡಳು.

ಸಂಜೆ ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಬೆರಳು ಒತ್ತಿ ನೀರನ್ನು ತುಂತುರು ಮಾಡಿದೆ. ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಕಾಮನಬಿಲ್ಲು ಕಾಣುತ್ತದೆ. ಎಲ್ಲಿ ಹುಡುಕಬೇಕು ಎಂದು ಮಕ್ಕಳಿಗೆ ಗೊತ್ತಾಗುವುದಿಲ್ಲ. ಅದಕ್ಕೊಂದು ಉಪಾಯವಿದೆ. ನಮ್ಮ ತಲೆಯ ನೆರಳು ಎಲ್ಲಿ ಬಿದ್ದಿದೆಯೋ ಅದೇ ಕಾಮನಬಿಲ್ಲಿನ ನಡುಬಿಂದು. ಅದರ ಸುತ್ತ 42 ಡಿಗ್ರಿ ದೂರದಲ್ಲಿ ಬಣ್ಣ ಮೂಡುತ್ತದೆ. ಮಕ್ಕಳಿಗೆ ಡಿಗ್ರಿ ಯಾಕೆ, ನೆರಳಿನ ಕಡೆ ಮುಖ ಮಾಡಿ ಸುತ್ತ ನೋಡಿ ಎಂದರೆ ಸಾಕು. "ನನ್ನ ನೆರಳಿನ ಸುತ್ತಾನೂ ಇದೆ!" ಎಂದು ಮಗ ಕುಣಿದ. "ಇಲ್ಲ, ಅದು ನನ್ನದು" ಎಂದಳು ಮಗಳು. ಇಬ್ಬರ ಮಾತೂ ನಿಜ. ಒಬ್ಬರ ಕಣ್ಣಿಗೆ ಬಣ್ಣ ತಲುಪಿಸುವ ಹನಿಗಳೇ ಬೇರೆ, ಇನ್ನೊಬ್ಬರ ಕಣ್ಣಿಗೆ ತಲುಪಿಸುವ ಹನಿಗಳೇ ಬೇರೆ. ಇದನ್ನು ಹೇಳಿದಾಗ ಮಗಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ತಮ್ಮನ ಜಾಗಕ್ಕೆ ಹೋಗಿ ನಿಂತು ನೋಡಿದಳು.

5ರ ಕಲ್ಲು ಇಡುವಾಗ ನೆರಳು ದಾಸವಾಳದ ಗಿಡದವರೆಗೂ ಚಾಚಿತ್ತು. ಒಟ್ಟು 9 ಕಲ್ಲು.

ಮರುದಿನ ನಾನು ಎಬ್ಬಿಸಬೇಕಾಗಲಿಲ್ಲ. ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಇಬ್ಬರೂ 9ರ ಕಲ್ಲಿನ ಮುಂದೆ ಕೂತಿದ್ದರು. ಗಡಿಯಾರ ಹಿಡಿದು ನಾನೂ ಕೂತೆ. ನೆರಳು ಬಂತು. ಆದರೆ ಕಲ್ಲಿನ ಮೇಲಲ್ಲ, ಎರಡು ಬೆರಳಿನಷ್ಟು ಪಕ್ಕಕ್ಕೆ.

ಮಗ ಅಕ್ಕನ ಮುಖ ನೋಡಿದ. ಅವಳು ಈ ಸಲ ಅಳಲಿಲ್ಲ. ಎದ್ದು ಕೋಲಿನ ಸುತ್ತ ಒಂದು ಸುತ್ತು ಬಂದಳು. "ವಾಲಿದೆ ಅನ್ಸುತ್ತೆ" ಎಂದಳು. ದಾರದ ತುದಿಗೆ ಒಂದು ಕಲ್ಲು ಕಟ್ಟಿ ಕೋಲಿನ ಪಕ್ಕ ಇಳಿಬಿಟ್ಟೆ. ನಿಜ, ವಾಲಿತ್ತು. ಮಗ ಎರಡೂ ಕೈಯಲ್ಲಿ ಕೋಲು ಹಿಡಿದು ಮೆಲ್ಲಗೆ ತಳ್ಳಿದ. ಅವಳು ಕಲ್ಲಿನ ಹತ್ತಿರ ಕೂತು "ಇನ್ನೂ, ಇನ್ನೂ, ಸಾಕು!" ಎಂದಳು. ಚೆಂಡಿನ ನೆರಳು ಸರಿದು ಬಂದು ಕಲ್ಲಿನ ಮೇಲೆ ಕೂತಿತು. ದಾರ ಮತ್ತು ಕೋಲು ಈಗ ಒಂದೇ ನೇರ.

ಸ್ವಲ್ಪ ಹೊತ್ತು ಯೋಚಿಸಿ ಅವಳೇ ಹೇಳಿದಳು, "ಅಂದ್ರೆ ನಿನ್ನೆ ಮಧ್ಯಾಹ್ನದ ಮೇಲೆ ಇಟ್ಟಿದ್ದೆಲ್ಲಾ ತಪ್ಪು, ಅಲ್ವಾ ಅಮ್ಮ?" ಹೌದು ಎಂದೆ. ಅವಳು ಹೋಗಿ 2, 3, 4, 5 ಎಂದು ಬರೆದಿದ್ದ ನಾಲ್ಕು ಕಲ್ಲುಗಳನ್ನು ಎತ್ತಿಕೊಂಡು ಬಂದು ತಮ್ಮನ ಮಡಿಲಿಗೆ ಹಾಕಿದಳು.

"ಇವತ್ತು ಇವನ್ನ ನೀನು ಇಡು."