ಗುಳೆಯಿಂದ ಬಂದ ಮಗು, ಅಡ್ಡಹೆಸರು, ಒಂದು ಚಿತ್ರಪುಸ್ತಕ

ಮುಂಗಾರು ಬಿತ್ತನೆ ಹೊತ್ತಿಗೆ ದೇವದುರ್ಗ, ಕುಷ್ಟಗಿ ಕಡೆಯ ಊರುಗಳಿಂದ ಕೂಲಿಗಾಗಿ ಗುಳೆ ಹೋದವರು ಮರಳುತ್ತಾರೆ. ಜೊತೆಗೆ ಬಂದ ಮಕ್ಕಳು ತಿಂಗಳುಗಟ್ಟಲೆ ಪಾಠ ತಪ್ಪಿಸಿಕೊಂಡು ಬಂದು ಕೊನೆ ಸಾಲಿನಲ್ಲಿ ಕೂರುತ್ತಾರೆ. ವಾರದೊಳಗೆ ಒಂದು ಅಡ್ಡಹೆಸರು ಅಂಟಿಕೊಳ್ಳುತ್ತದೆ. ಸಿಂಧನೂರು, ಗಂಗಾವತಿಯಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಮನೆಮಾತು ತೆಲುಗಾದ ಮಕ್ಕಳ ಕನ್ನಡವನ್ನು ಉಳಿದವರು ಅಣಕಿಸುತ್ತಾರೆ. ಬುದ್ಧಿ ಹೇಳಿದರೆ ಆ ಹೊತ್ತಿಗೆ ಸುಮ್ಮನಾಗುತ್ತಾರೆ, ಅಷ್ಟೆ. ಚಿತ್ರಪುಸ್ತಕದ ಕಥೆ ಕೆಲಸಕ್ಕೆ ಬರುವುದು ಬೇರೆ ಕಾರಣಕ್ಕೆ: ತೋಳ ಮೊಲವನ್ನು ಪೀಡಿಸುವ ಕಥೆ ಓದಿದಿರಿ ಅನ್ನಿ, ಅಲ್ಲಿ ಅಳುತ್ತಿರುವುದು ಮೊಲ, ಮಗು ಅಲ್ಲ. ಆ ಮರೆಯಲ್ಲಿ ಕೂತು ಮಗು ತನ್ನದನ್ನೇ ನೋಡಿಕೊಳ್ಳುತ್ತದೆ. ಮರೆಯನ್ನು ನಾವೇ ಸರಿಸಿದರೆ ಪುಸ್ತಕ ಓದಿದ್ದು ದಂಡ.

ಹಾಗಾಗಿ ಜಗಳವಾದ ದಿನವೇ ಅಂಥ ಪುಸ್ತಕ ತೆಗೆಯಬೇಡಿ. ಎಲ್ಲರ ಕಣ್ಣೂ ಒಂದೇ ಮಗುವಿನ ಮೇಲೆ ಹೋಗುತ್ತದೆ. ಎರಡು ಮೂರು ದಿನ ಬಿಡಿ.

ಪುಸ್ತಕ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. 16ರಿಂದ 24 ಪುಟ, ಒಂದೇ ಒಂದು ಭಾವನೆ, ಮುಖಭಾವ ದೂರಕ್ಕೂ ಕಾಣುವ ಚಿತ್ರಗಳು ಇದ್ದರೆ ಸಾಕು. ಹತ್ತು ಹನ್ನೆರಡು ಮಕ್ಕಳಿಗಿಂತ ಹೆಚ್ಚಿದ್ದರೆ ಹಿಂದಿನವರಿಗೆ ಚಿತ್ರ ಕಾಣದು, ಗಲಾಟೆ ಅಲ್ಲಿಂದಲೇ ಶುರು. ಎರಡು ಗುಂಪು ಮಾಡಿ. ಕೊನೆ ಪುಟವನ್ನು ಮೊದಲೇ ಓದಿ. ಪೀಡೆಗೆ ಸಿಕ್ಕವನು ದೊಡ್ಡ ಸಾಹಸ ಮಾಡಿ ಎಲ್ಲರ ಮೆಚ್ಚುಗೆ ಗಳಿಸುವ ಕಥೆಗಳು ಬಹಳ ಇವೆ. ನಮಗೆ ಅವು ಬೇಡ. ಏನೂ ಸಾಧಿಸದ ಮಗುವಿಗೆ ಮರ್ಯಾದೆ ಇಲ್ಲ ಎಂದು ಅವು ಹೇಳಿದಂತಾಗುತ್ತದೆ. ಯಾರೋ ಒಬ್ಬರು ಪಕ್ಕದಲ್ಲಿ ಬಂದು ನಿಲ್ಲುವ, ಅಥವಾ ದೊಡ್ಡವರಿಗೆ ಹೇಳಿ ಸಹಾಯ ಸಿಗುವ ಕಥೆ ಹುಡುಕಿ.

ಸಿಗುವುದು ಕಷ್ಟವಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಪುಸ್ತಕಗಳು ಓದಿನ ನಾಲ್ಕು ಹಂತಗಳಲ್ಲಿವೆ, ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಎಷ್ಟೋ ಕಥೆಗಳು ತೆಲುಗು, ಉರ್ದುವಿನಲ್ಲೂ ಇವೆ. ಅದೇ ಕಥೆಯ ತೆಲುಗು ಪ್ರತಿಯನ್ನು ಒಮ್ಮೆ ಓದಿ, ಅರ್ಥ ಹೇಳಲು ತೆಲುಗು ಮನೆಯ ಮಕ್ಕಳನ್ನೆಲ್ಲ ಕೇಳಿ. ಅಂದು ತಡವರಿಸುವ ಸರದಿ ಉಳಿದವರದು. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ನೋಡಿ, 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ.

ಓದಲು ಹತ್ತು ನಿಮಿಷ, ಮಾತಿಗೆ ಇನ್ನು ಹತ್ತು. ನಡುವೆ ಎರಡೇ ಕಡೆ ನಿಲ್ಲಿ. "ಮೊಲಕ್ಕೆ ಈಗ ಮೈಯಾಗ ಎಲ್ಲಿ ಏನಾಗಾಕತ್ತೈತಿ?" ಎಂದು ಕೇಳಿದರೆ "ಎದಿ ಧಸಕ್ ಅಂದೈತ್ರಿ ಅಕ್ಕೋರ", "ಹೊಟ್ಟಿ ನೋಯಾಕತ್ತೈತ್ರಿ" ಎಂದು ಉತ್ತರ ಬರುತ್ತದೆ. "ಹೇಗನ್ನಿಸುತ್ತದೆ?" ಎಂದು ಕೇಳಿದರೆ ಮಾತ್ರ "ಸಿಟ್ಟು" ಅಂದು ಸುಮ್ಮನಾಗುತ್ತಾರೆ. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ. ನಾವು ಮೂರಕ್ಕೇ ಬಾಯಿ ತೆರೆಯುವುದರಿಂದ ನಿಧಾನ ಮಾತಿನ ಮಗುವಿಗೆ ಎಂದೂ ಅವಕಾಶ ಸಿಗುವುದಿಲ್ಲ. "ನಿನಗೂ ಹಿಂಗ ಆಗೈತೇನು?" ಎಂದು ಎಲ್ಲರೆದುರು ಯಾರನ್ನೂ ಕೇಳಬಾರದು. ಕಥೆಯ ನೀತಿ ಏನು ಎಂದೂ ಕೇಳಬಾರದು. ಪರೀಕ್ಷೆಯ ಉತ್ತರ ಬರುತ್ತದೆ.

ಅದೇ ಪುಸ್ತಕವನ್ನು ವಾರದಲ್ಲಿ ಮೂರು ಸಲ ಓದಿ. ಮೊದಲನೆಯದು ಕಥೆಗಾಗಿ, ಎರಡನೆಯದು ಮುಖಗಳಿಗಾಗಿ. ಮೂರನೆಯ ಸಲ ಚಿತ್ರದ ಮೂಲೆಯಲ್ಲಿ ನಿಂತು ನಗುವವರ ಮೇಲೆ ಬೆರಳಿಟ್ಟು, "ಇವರು ಏನು ಮಾಡಬಹುದಿತ್ತು?" ಎಂದು ಕೇಳಿ. ಪೀಡಿಸುವವನಿಗೆ ಬೇಕಿರುವುದು ಈ ನಗುವೇ ಆದ್ದರಿಂದ, ನನ್ನ ಲೆಕ್ಕದಲ್ಲಿ ಮೂರನೆಯ ಓದೇ ಮುಖ್ಯ. ಬಂದ ಉತ್ತರಗಳನ್ನು ಬಾಯಿಬಿಟ್ಟು ಆಡಿಸಿ ನೋಡಿ: "ಸಾಕು ಬಿಡು" ಅನ್ನುವುದು, "ಬಾ, ಆಡಾಕ ಹೋಗೂಣು" ಎಂದು ಕೈ ಹಿಡಿದು ಕರೆದೊಯ್ಯುವುದು. ಪೀಡಿಸುವ ಮಗುವೂ ಅಲ್ಲೇ ಕೂತಿರುತ್ತದೆ, ಕಥೆಯ ತೋಳಕ್ಕೆ ‘ಕೆಟ್ಟದ್ದು’ ಎಂಬ ಹಣೆಪಟ್ಟಿ ಕಟ್ಟಬೇಡಿ.

ಬಾಯೇ ಬಿಡದ ಮಕ್ಕಳಿಗೆ ನೆರಳುಗೊಂಬೆ ಆಟದ ಪರದೆ ಕಟ್ಟಿ. ನಮ್ಮ ಕಡೆಗೆ ಇದು ಹೊಸದಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿದೆ. ಹಳೆ ಬಿಳಿ ಪಂಚೆ, ಹಿಂದೆ ಮೊಬೈಲ್ ಟಾರ್ಚು, ರಟ್ಟಿನಲ್ಲಿ ಗೇಣುದ್ದ ಕತ್ತರಿಸಿ ಕಸಬರಿಗೆ ಕಡ್ಡಿಗೆ ಅಂಟಿಸಿದ ಗೊಂಬೆಗಳು ಸಾಕು. ಗೊಂಬೆ ಬಟ್ಟೆಗೆ ತಾಗಿರಬೇಕು, ಇಲ್ಲದಿದ್ದರೆ ನೆರಳು ಮಸುಕಾಗುತ್ತದೆ. ತನ್ನ ಮುಖ ಕಾಣದಿದ್ದಾಗ ಮೊಲದ ದನಿಯಲ್ಲಿ ಮಗು ಏನೇನೋ ಹೇಳುತ್ತದೆ. ಆಮೇಲೆ ಅದನ್ನು ಹಿಡಿದು ವಿಚಾರಣೆ ಮಾಡಬೇಡಿ. "ಮೊಲಕ್ಕ ಏನರ ಸಹಾಯ ಬೇಕಾದ್ರ ನನಗ ಹೇಳು" ಅಂದರೆ ಸಾಕು.

ಕಥೆಗೆ ಮೀರಿದ್ದೂ ಇದೆ. ಹೊಡೆತ, ಜಾತಿ ಹಿಡಿದು ಬೈಯುವುದು ಕಂಡರೆ ಪುಸ್ತಕ ಪಕ್ಕಕ್ಕಿಟ್ಟು ದೊಡ್ಡವರು ನೇರವಾಗಿ ತಡೆಯಬೇಕು. ಅಣಕಿಸುವವರು ಶಿಕ್ಷಕರೇ ಆಗಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಾಲೆಗೆ ಹೊರಡುವಾಗಲೇ ಹೊಟ್ಟೆನೋವು, ರಾತ್ರಿ ಬೆಚ್ಚುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿ. ಮಗುವಿನ ಜೀವಕ್ಕೆ ಅಪಾಯ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098. ಮಗು ಬಾಯಿಬಿಟ್ಟು ಹೇಳಿದ ದಿನವೇ, ಶಾಲೆ ಬಿಡುವುದರೊಳಗೆ, ನೀವು ಏನು ಮಾಡಿದಿರಿ ಎಂಬುದನ್ನು ಅದಕ್ಕೆ ತಿಳಿಸಿ.